ಗಣೇಶನನ್ನು ಎತ್ತೋಕೆ ನಾಲ್ಕು ಹುಡುಗರಿಲ್ಲ. ನಮ್ಮ ಬಡಾವಣೆಗೇ ವಯಸ್ಸಾಯಿತಾ?

ಪಾರ್ಕ್_ಪಕ್ಕದ_ಮನೆ

ತುಮಕೂರಿನವರು ಇಲ್ಲಿ ಜಾಸ್ತಿ ಇದ್ದೀರಿ ಅಂತ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಓದಿ.

ಈ ಸಲ ಹಬ್ಬಕ್ಕೆ ನಮ್ಮ ರಸ್ತೆಯಲ್ಲಿ ಒಂದೂವರೆ ಅಡಿ ಗಣೇಶ ಕೂರಿಸಿದರು. ಹಿಂದೆಲ್ಲ ಐದಡಿ ಇರುತ್ತಿತ್ತಂತೆ. ಯಾಕೆ ಚಿಕ್ಕದು ಅಂತ ಮಾವನವರನ್ನು ಕೇಳಿದೆ. "ಎತ್ತೋರು ಯಾರಮ್ಮ?" ಅಂದರು. ನಿಜ. ಸಂಘದ ಕಮಿಟಿಯಲ್ಲಿ ಎಲ್ಲರಿಗಿಂತ ಚಿಕ್ಕವರಿಗೇ 61 ವರ್ಷ. ಇಬ್ಬರಿಗೆ ಮಂಡಿ ಆಪರೇಷನ್ ಆಗಿದೆ, ಒಬ್ಬರಿಗೆ ಸ್ಟೆಂಟ್ ಹಾಕಿದ್ದಾರೆ. ಕೊನೆಗೆ ಬಿಡೋ ದಿನ ನನ್ನ ಗಂಡ ಮತ್ತು ಹಾಲು ಹಾಕುವ ಹುಡುಗ ಇಬ್ಬರೇ ಆಟೋದಲ್ಲಿ ಇಟ್ಟುಕೊಂಡು ಹೋಗಿ ಬಿಟ್ಟು ಬಂದರು. ತಮಟೆ ಇಲ್ಲ, ಹುಡುಗರ ಕೂಗಾಟ ಇಲ್ಲ. ನನಗೆ ಅವತ್ತು ತುಂಬಾ ಬೇಜಾರಾಯಿತು.

ನಾವು 2020ರಲ್ಲಿ ಬೆಂಗಳೂರು ಬಿಟ್ಟು ವಾಪಸ್ ಬಂದು ಅತ್ತೆ-ಮಾವನ ಜೊತೆ ಇದ್ದೇವೆ. ಕ್ಯಾತ್ಸಂದ್ರದ ಕಡೆಯ ಹಳೇ ಬಡಾವಣೆ. ನಮ್ಮ ರಸ್ತೆಯಲ್ಲಿ 22 ಮನೆ. ಮೊನ್ನೆ ಒಂದೊಂದಾಗಿ ಎಣಿಸಿದೆ. 9 ಮನೆಯಲ್ಲಿ ವಯಸ್ಸಾದ ಗಂಡ-ಹೆಂಡತಿ ಇಬ್ಬರೇ. 4 ಮನೆಯಲ್ಲಿ ಒಬ್ಬೊಬ್ಬರೇ, ನಾಲ್ಕೂ ಹೆಂಗಸರು. 3 ಮನೆಗೆ ಬೀಗ. 4 ಮನೆ ಬಾಡಿಗೆಗೆ. ಮಗ-ಸೊಸೆ ಜೊತೆಗಿರೋದು ನಮ್ಮದೂ ಸೇರಿ 2 ಮನೆ. ಹತ್ತು ವರ್ಷದೊಳಗಿನ ಮಕ್ಕಳು ಇಡೀ ರಸ್ತೆಗೆ ಇಬ್ಬರು. ಒಂದು ನನ್ನ ಮಗಳು, ಅವಳಿಗೆ 7. ಇನ್ನೊಂದು ಮಗುವಿಗೆ ಈಗಷ್ಟೇ ಒಂದು ವರ್ಷ ತುಂಬಿದೆ.

ಈಗ ವಿಷಯಕ್ಕೆ ಬರುತ್ತೇನೆ. ಪಾರ್ಕಿನಲ್ಲಿರುವ ಜೋಕಾಲಿ, ಜಾರುಬಂಡೆ ತೆಗೆಸಿ ಅಲ್ಲಿ ವಾಕಿಂಗ್ ಟ್ರ್ಯಾಕ್ ಮಾಡಿಸಬೇಕು ಅಂತ ಸಂಘದವರು ಹೊರಟಿದ್ದಾರೆ. ಎರಡು ಜೋಕಾಲಿಯಲ್ಲಿ ಒಂದರ ಸರಪಳಿ ಕಿತ್ತು ಎರಡು ವರ್ಷ ಆಯಿತು. "ಆಡೋ ಮಕ್ಕಳೇ ಇಲ್ಲ, ನಡೆಯೋರು ನಾವು ನಲವತ್ತು ಜನ ಇದ್ದೇವೆ" ಅನ್ನುತ್ತಾರೆ. ಅವರ ಮಾತಲ್ಲೂ ನ್ಯಾಯ ಇದೆ. ಆದರೆ ಜೋಕಾಲಿ ತೆಗೆದರೆ ಇಲ್ಲಿಗೆ ಮಕ್ಕಳಿರುವವರು ಬರೋದು ಇನ್ನೂ ಕಷ್ಟ ಅಲ್ವಾ?

ಇದು ನಮ್ಮ ಬಡಾವಣೆಯ ಕಥೆ ಮಾತ್ರವಾ, ಇಡೀ ತುಮಕೂರೇ ಹೀಗಾಗುತ್ತಿದೆಯಾ? ಮುಂದಿನ ಭಾನುವಾರ ಮೀಟಿಂಗ್ ಇದೆ. ಅಲ್ಲಿ ಏನು ಹೇಳಲಿ?

ಬಿಎಚ್_ರಸ್ತೆ

ತುಮಕೂರಿಗೆ ವಯಸ್ಸಾಗಿದೆಯಾ? ಒಂದು ಸಲ ಸಂಜೆ 5ಕ್ಕೆ ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಮುಂದೆ ನಿಂತು ನೋಡಿ ಮೇಡಂ. ಕಾಲಿಡೋಕೆ ಜಾಗ ಇರಲ್ಲ, ಎಲ್ಲ ಇಪ್ಪತ್ತರ ಹುಡುಗರು. ಬಸ್ ಸ್ಟ್ಯಾಂಡ್ ತುಂಬಾ ಕಾಲೇಜು ಬ್ಯಾಗ್. ನಿಮ್ಮ ರಸ್ತೆ ನೋಡಿ ಊರನ್ನು ಅಳೆಯಬೇಡಿ.

ಪಾರ್ಕ್_ಪಕ್ಕದ_ಮನೆ

ಅದಕ್ಕೇ ಕೇಳಿದ್ದು ಸರ್. ಆ ಹುಡುಗರೆಲ್ಲ ನಮ್ಮಿಂದ ಒಂದೂವರೆ ಕಿಲೋಮೀಟರ್ ದೂರದಲ್ಲೇ ಇದ್ದಾರೆ. ನಮ್ಮ ರಸ್ತೆಗೆ ಒಬ್ಬನೂ ಬರಲ್ಲ.

ಕೀಲಿ_ಗಡಿಯಾರ

ಅಮ್ಮಾ, ನಿಮ್ಮದು ಯಾವ ಬಡಾವಣೆ ಅಂತ ಗೊತ್ತಾಗಲಿಲ್ಲ. ಆದರೆ ನೀವು ಬರೆದದ್ದು ನಮ್ಮ ಕಥೆ. ನನಗೀಗ 68. ನಿಧಾನವಾಗಿ ಟೈಪ್ ಮಾಡುತ್ತಿದ್ದೇನೆ.

ಎಚ್‌ಎಂಟಿ ವಾಚ್ ಕಾರ್ಖಾನೆ ತುಮಕೂರಿಗೆ ಬಂದದ್ದು 1978ರಲ್ಲಿ. ನಾನು ಮರುವರ್ಷ ಸೇರಿದೆ, ಆಗ ನನಗೆ 22. ನನ್ನ ಜೊತೆ ಸೇರಿದವರೆಲ್ಲ 20ರಿಂದ 25ರ ಒಳಗಿನವರು. ಮದುವೆಗಳೂ ಹೆಚ್ಚುಕಡಿಮೆ ಒಟ್ಟಿಗೇ ಆದವು. ಗೃಹ ನಿರ್ಮಾಣ ಸಂಘಕ್ಕೆ ತಿಂಗಳು ತಿಂಗಳು ಕಟ್ಟಿ, 1988ರಲ್ಲಿ 30-40 ಅಡಿಯ ಸೈಟು ಸಿಕ್ಕಿತು. ಅಕ್ಕಪಕ್ಕದ ಸೈಟುಗಳೂ ನಮ್ಮಂಥವರಿಗೇ. ಒಬ್ಬರು ಟೀಚರ್, ಒಬ್ಬರು ಬ್ಯಾಂಕು, ಒಬ್ಬರು ಕೆಇಬಿ. ಕೆಲಸ ಬೇರೆ ಬೇರೆ, ವಯಸ್ಸು ಮಾತ್ರ ಒಂದೇ.

1990ರಿಂದ 94ರೊಳಗೆ ನಮ್ಮ ರಸ್ತೆಯಲ್ಲಿ ಎಲ್ಲ ಮನೆಗಳೂ ಎದ್ದವು. ಮರಳು ಒಬ್ಬರದ್ದು ಮಿಕ್ಕರೆ ಇನ್ನೊಬ್ಬರು ಕೊಳ್ಳುತ್ತಿದ್ದೆವು. ಒಂದೇ ತಿಂಗಳಲ್ಲಿ ಮೂರು ಗೃಹಪ್ರವೇಶದ ಊಟ ಮಾಡಿದ್ದೇನೆ. ಸಂಜೆ ಆದರೆ ರಸ್ತೆಯಲ್ಲಿ ಸ್ಕೂಟರ್ ಓಡಿಸೋಕೆ ಆಗುತ್ತಿರಲಿಲ್ಲ, ಅಷ್ಟು ಮಕ್ಕಳು. ವಿಕೆಟ್ ಬದಲು ನಮ್ಮನೆ ಗೇಟು. ಆ ಗೇಟಿನ ಕೆಳಗಿನ ಎರಡು ಸರಳು ಇವತ್ತಿಗೂ ಬಗ್ಗಿವೆ. ಬಣ್ಣ ಹೊಡೆಸುವಾಗ ನೇರ ಮಾಡಿಸಲಾ ಅಂತ ಪೇಂಟರ್ ಕೇಳಿದ, ಬೇಡ ಅಂದೆ.

ಆಮೇಲೆ ಒಂದು ವರ್ಷ ಹನ್ನೊಂದು ಮಕ್ಕಳು ಒಟ್ಟಿಗೆ ಎಸ್‌ಎಸ್‌ಎಲ್‌ಸಿ ಬರೆದರು. ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಬೆಂಗಳೂರಿಗೆ ಹೋದರು. ಮದುವೆಗಳೂ ಹಾಗೇ ಸಾಲಾಗಿ. ಕಾರ್ಖಾನೆ 2016ರಲ್ಲಿ ಮುಚ್ಚಿತು, ಆ ಜಾಗ ಈಗ ಇಸ್ರೋಗೆ ಹೋಗಿದೆ. ಕಳೆದ ವರ್ಷ ನಮ್ಮ ರಸ್ತೆಯಲ್ಲಿ ನಾಲ್ಕು ಮನೆಯಲ್ಲಿ ವೈಕುಂಠ ಸಮಾರಾಧನೆ. ಅದೇ ಶಾಮಿಯಾನದವನು, ಅದೇ ಕುರ್ಚಿ.

ಒಂದನೇ ಕ್ಲಾಸಿಗೆ ಎಲ್ಲರೂ ಒಟ್ಟಿಗೆ ಸೇರಿದೆವು. ಆಮೇಲೆ ಹೊಸ ಅಡ್ಮಿಷನ್ ಆಗಲೇ ಇಲ್ಲ. ನಿಮ್ಮ ಬಡಾವಣೆಗೂ ಆದದ್ದು ಇಷ್ಟೇ ಅಮ್ಮಾ.

ಪಾರ್ಕ್_ಪಕ್ಕದ_ಮನೆ

ಸರ್, ನಿಮ್ಮ ಗೇಟಿನ ವಿಷಯ ಓದಿ ಕಣ್ಣು ತುಂಬಿತು. ಮಾವನವರಿಗೆ ಓದಿ ಹೇಳಿದೆ. ಅವರೂ ಅದೇ ಕಾಲದವರು.

ಮೆಡಿಕಲ್_ಅಂಗಡಿ

ನಾನು 2004ರಿಂದ ಒಂದು ಬಡಾವಣೆಯಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ. ವಯಸ್ಸಿನ ಲೆಕ್ಕ ನನ್ನ ಷೆಲ್ಫ್ ಹೇಳುತ್ತದೆ.

ಅಂಗಡಿ ತೆಗೆದಾಗ ಕೌಂಟರ್ ಹಿಂದಿನ ಮುಖ್ಯ ಷೆಲ್ಫ್ ಪೂರ್ತಿ ಮಕ್ಕಳದ್ದು. ಹಾಲಿನ ಪುಡಿ ಡಬ್ಬ, ಗ್ರೈಪ್ ವಾಟರ್, ಫೀಡಿಂಗ್ ಬಾಟಲಿ, ಕೆಮ್ಮಿನ ಸಿರಪ್. ಈಗ ಅದೇ ಷೆಲ್ಫಿನಲ್ಲಿ ದೊಡ್ಡವರ ಡೈಪರ್, ಶುಗರ್ ನೋಡುವ ಸ್ಟ್ರಿಪ್, ಮಂಡಿಗೆ ಹಾಕುವ ಪಟ್ಟಿ. ಬಾಗಿಲ ಪಕ್ಕದ ಕೊಕ್ಕೆಗೆ ವಾಕರ್ ನೇತುಹಾಕಿದ್ದೇನೆ, ತಿಂಗಳಿಗೆ ಒಂದೆರಡು ಹೋಗುತ್ತವೆ. ಮಕ್ಕಳ ಔಷಧಿ ಎಲ್ಲ ಸೇರಿ ಒಂದು ಡ್ರಾಯರ್.

ದುಡ್ಡು ಬೆಂಗಳೂರಿನಿಂದ ಫೋನ್‌ಪೇ ಬರುತ್ತದೆ. ಮಾತ್ರೆ ನಾನು ಮನೆಗೆ ಕೊಟ್ಟು ಬರುತ್ತೇನೆ. ಒಬ್ಬರು ಅಜ್ಜಿಗೆ ಕಣ್ಣು ಮಂಜು. ಅವರ ಮಾತ್ರೆ ಹಾಳೆಯ ಹಿಂದೆ ಮಾರ್ಕರ್‌ನಲ್ಲಿ ಸೂರ್ಯ, ಚಂದ್ರ ಬರೆದು ಕೊಡುತ್ತೇನೆ. ಬೆಳಗ್ಗೆಯದು ಸೂರ್ಯ, ರಾತ್ರಿಯದು ಚಂದ್ರ. ಮಧ್ಯಾಹ್ನದ್ದಕ್ಕೆ ಏನು ಬರೆಯೋದು ಅಂತ ಅವರನ್ನೇ ಕೇಳಿದೆ. ತಟ್ಟೆ ಬರಿ ಅಂದರು.

ಕ್ಯಾತ್ಸಂದ್ರ_ಟೋಲ್

ತಟ್ಟೆ ಅಂದಕೂಡಲೇ ನನಗೆ ನಮ್ಮೂರ ತಟ್ಟೆ ಇಡ್ಲಿ ನೆನಪಾಯಿತು. ಬೆಳಗ್ಗೆ 6ಕ್ಕೆ ಹೋಟೆಲ್ ಮುಂದೆ ನಿಲ್ಲೋರೂ ಈಗ ಎಲ್ಲ ವಾಕಿಂಗ್ ಮುಗಿಸಿದ ಹಿರಿಯರೇ.

ಗುಬ್ಬಿ_ಗೇಟ್

ಇಡ್ಲಿಗೆ ನಿಲ್ಲಿಸುವ ಹೈವೇ ಕಾರಿನವರನ್ನು ಬಿಟ್ಟು ಹೇಳಿದ್ದೀರಿ.

ಮೇಡಂ, ನಿಮ್ಮದು ಸೈಟು ಹಂಚಿದ ಬಡಾವಣೆ. ನಮ್ಮ ಹಳೇ ಊರಿನ ಕಡೆ ಬನ್ನಿ. ಒಂದು ಮನೆಯಲ್ಲಿ ಅಜ್ಜಿ, ಇಬ್ಬರು ಅಣ್ಣತಮ್ಮಂದಿರು, ಸೊಸೆಯಂದಿರು, ಐದು ಮಕ್ಕಳು. ಕೆಳಗೆ ಅಂಗಡಿ, ಮೇಲೆ ಮನೆ. ಇಲ್ಲಿ ವಯಸ್ಸು ಬೆರೆತಿದೆ. ಯಾರೂ ಒಟ್ಟಿಗೆ ಬಂದವರಲ್ಲ, ಒಟ್ಟಿಗೆ ಹೋಗುವವರೂ ಅಲ್ಲ. ನಿಮಗೆ ಗಣೇಶ ಎತ್ತೋಕೆ ಹುಡುಗರು ಬೇಕಾ, ನಮ್ಮ ಗಲ್ಲಿಯಿಂದ ಮೂವತ್ತು ಜನ ಕಳಿಸುತ್ತೇನೆ.

ಆದರೆ ನಿಮ್ಮಲ್ಲಿ ಮಕ್ಕಳು ಹೆರೋದು ಕಡಿಮೆ ಆಗಿದೆ, ಅದೂ ಕಾರಣ ಅಲ್ವಾ?

ಎಣಿಕೆ_ಟೀಚರ್

ನಾನು ಸರ್ಕಾರಿ ಶಾಲೆ ಟೀಚರ್, ಜೊತೆಗೆ ಬೂತ್ ಮಟ್ಟದ ಅಧಿಕಾರಿ ಕೆಲಸವೂ ಮಾಡಿದ್ದೇನೆ. ಹಾಗಾಗಿ ಮನೆಮನೆಯ ವಯಸ್ಸು ನನ್ನ ಕೈಯಲ್ಲಿ ಹಾದು ಹೋಗಿದೆ. ಎರಡು ಮೂರು ವಿಷಯ ಸರಿ ಮಾಡುತ್ತೇನೆ.

ಮಕ್ಕಳು ಕಡಿಮೆ ಆಗಿರೋದು ಒಂದು ಬಡಾವಣೆಯ ವಿಷಯ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಬೇಕು ಅಂದರೆ 2.1 ಬೇಕು. ರಾಜ್ಯದಲ್ಲಿ 60 ದಾಟಿದವರು 2001ರ ಜನಗಣತಿಯಲ್ಲಿ ನೂರಕ್ಕೆ 7.7 ಇದ್ದರು, 2011ಕ್ಕೆ 9.5 ಆದರು. ಅಂದರೆ ಎಲ್ಲ ಕಡೆಯೂ ಏರುತ್ತಿದೆ. ನಿಧಾನವಾಗಿ.

ಆದರೆ ಪಾರ್ಕ್ ಪಕ್ಕದ ಮೇಡಂ ಬರೆದದ್ದು ಆ ನಿಧಾನದ ಏರಿಕೆ ಅಲ್ಲ. ಅವರ ರಸ್ತೆ ಇಪ್ಪತ್ತೇ ವರ್ಷದಲ್ಲಿ ಮಕ್ಕಳ ರಸ್ತೆಯಿಂದ ಹಿರಿಯರ ರಸ್ತೆ ಆಗಿದೆ. ಅದಕ್ಕೆ ಕಾರಣ ಕೀಲಿ ಗಡಿಯಾರ ಸರ್ ಹೇಳಿದ್ದೇ. ಒಂದೇ ವಯಸ್ಸಿನವರು ಒಟ್ಟಿಗೆ ಬಂದರು, ಮಕ್ಕಳು ಒಟ್ಟಿಗೆ ಹೋದರು.

ಸಂಘದ ಮೀಟಿಂಗಿನಲ್ಲಿ ಯಾರಾದರೂ ಮತದಾರರ ಪಟ್ಟಿ ತಂದು ಲೆಕ್ಕ ತೋರಿಸಿದರೆ ನಂಬಬೇಡಿ. ಪಟ್ಟಿ ಎರಡೂ ಕಡೆ ತಪ್ಪು ಹೇಳುತ್ತದೆ. ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಇರುವ ಮಗ ಇನ್ನೂ ಇಲ್ಲೇ ಮತದಾರ. "ತೆಗೀಬೇಡಿ ಮೇಡಂ, ಚುನಾವಣೆಗಾದರೂ ಊರಿಗೆ ಬರುತ್ತಾನೆ" ಅಂತ ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡರು. ಪಟ್ಟಿ ನೋಡಿದರೆ ಆ ಮನೆಯಲ್ಲಿ ಯುವಕರಿದ್ದಾರೆ, ಬಾಗಿಲು ತಟ್ಟಿದರೆ ಆ ತಾಯಿ ಒಬ್ಬರೇ. ಇನ್ನೊಂದು ಕಡೆ, ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರದ ಕಾರ್ಖಾನೆಗಳಿಗೆ ಬಂದ ಸಾವಿರಾರು ಹುಡುಗರ ಹೆಸರು ರಾಯಚೂರಿನಲ್ಲೋ ಬಿಹಾರದಲ್ಲೋ ಇದೆ. ಅವರು ಇಲ್ಲಿ ಕಾಣಲ್ಲ.

ಮನೆಯಿಂದಲೇ ಮತ ಹಾಕುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಬಂತು. ಆಗ 80 ದಾಟಿದವರಿಗೆ ಇತ್ತು, 2024ರ ಲೋಕಸಭೆಗೆ 85 ಮಾಡಿದರು. ಅದಕ್ಕೆ ತುಂಬಬೇಕಾದ 12ಡಿ ನಮೂನೆ ಹಿಡಿದು ಮನೆ ಮನೆಗೆ ಹೋದೆ. ಒಂದೇ ಅಡ್ಡರಸ್ತೆಯಲ್ಲಿ ಆರು ಫಾರಂ ತುಂಬಿಸಿದೆ. ಒಬ್ಬ ತಾತ ಫಾರಂ ಹರಿದು ಹಾಕಿದರು. "ನಾನು ಬೂತಿಗೆ ನಡೆದೇ ಬರುತ್ತೇನೆ" ಅಂತ. ಬಂದರು ಕೂಡ.

ಬಿಎಚ್_ರಸ್ತೆ

ಟೀಚರ್, ಹಾಗಾದರೆ ಜನಗಣತಿಯ ವಾರ್ಡ್ ಲೆಕ್ಕ ನಂಬಬಹುದಲ್ಲ?

ಎಣಿಕೆ_ಟೀಚರ್

ಯಾವ ಜನಗಣತಿ? ಕೊನೆಯದು 2011. ಆಗ ತುಮಕೂರು ನಗರ 3 ಲಕ್ಷದ 2 ಸಾವಿರ ಚಿಲ್ಲರೆ. ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರದ ದಿನ. 2011ರಲ್ಲಿ 54 ಇದ್ದ ಕೀಲಿ ಗಡಿಯಾರ ಸರ್‌ಗೆ ಈಗ 68. ಆ ಲೆಕ್ಕ ಇಟ್ಟುಕೊಂಡು ಇವತ್ತಿನ ಪಾರ್ಕ್ ಮಾಡೋಕೆ ಆಗುತ್ತಾ?

ವಾರ್ಡಿನ ಸರಾಸರಿಯೂ ಮೋಸ ಮಾಡುತ್ತದೆ. ಜನಗಣತಿಯಲ್ಲಿ ಎಲ್ಲಿ ವಾಸ ಇರುತ್ತಾರೋ ಅಲ್ಲೇ ಎಣಿಸುತ್ತಾರೆ. ಸಿದ್ಧಗಂಗಾ ಮಠದಲ್ಲಿ ಊಟ, ವಸತಿ ಪಡೆದು ಓದುವ ಮಕ್ಕಳೇ ಹತ್ತಿರ ಹತ್ತಿರ ಹತ್ತು ಸಾವಿರ. ಅದರ ಜೊತೆ ಕಾಲೇಜು ಹಾಸ್ಟೆಲ್‌ಗಳು. ಅಂಥ ಜಾಗದ ಪಕ್ಕದಲ್ಲಿ ಎಂಟುನೂರು ಹಿರಿಯರ ಬಡಾವಣೆ ಇದ್ದರೆ, ಎರಡೂ ಸೇರಿಸಿದ ಸರಾಸರಿಯಲ್ಲಿ ಅವರು ಮಾಯ ಆಗುತ್ತಾರೆ.

ಹಿರೇಹಳ್ಳಿ_ಶಿಫ್ಟ್

ಟೀಚರ್ ಹೇಳಿದ "ಕಾಣದ ಹುಡುಗರಲ್ಲಿ" ನಾನೂ ಒಬ್ಬ. ಊರು ಸಿಂಧನೂರು ತಾಲೂಕು. ವಯಸ್ಸು 24. ಹಿರೇಹಳ್ಳಿಯಲ್ಲಿ ಕೆಲಸ.

ಎರಡು ರೂಮಿನಲ್ಲಿ ಎಂಟು ಜನ ಇದ್ದೇವೆ. ನಾಲ್ಕು ಜನ ರಾತ್ರಿ ಪಾಳಿ, ನಾಲ್ಕು ಜನ ಹಗಲು. ಚಾಪೆ ಬಿಸಿ ಆರೋದೇ ಇಲ್ಲ. ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡವನಿಗೆ 31. ನೀವು ನಿಮ್ಮ ರಸ್ತೆಯಲ್ಲಿ ಮಕ್ಕಳಿಲ್ಲ ಅನ್ನುತ್ತೀರಿ. ನಮ್ಮ ರಸ್ತೆಯಲ್ಲಿ ಅಜ್ಜಿ-ತಾತ ಇಲ್ಲ, ಮಕ್ಕಳೂ ಇಲ್ಲ. ಹೋದ ಮಳೆಗಾಲದಲ್ಲಿ ನನಗೆ ಡೆಂಗಿ ಬಂತು. ಗಂಜಿ ಮಾಡೋಕೆ ಎಂಟು ಜನಕ್ಕೂ ಬರಲ್ಲ. ಅವ್ವನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಗೋಡೆಗೆ ಒರಗಿಸಿಟ್ಟು ಅನ್ನ ಬೇಯಿಸಿದೆವು.

ಕ್ಯಾತ್ಸಂದ್ರ ಕಡೆ, ಬಟವಾಡಿ ಕಡೆ ಮನೆ ಹುಡುಕಿ ಆರು ಭಾನುವಾರ ತಿರುಗಿದ್ದೇನೆ. ಮೇಲಿನ ಮಹಡಿ ಖಾಲಿ. ಬಾಗಿಲು ತೆಗೆದವರು ಅಜ್ಜ ಅಥವಾ ಅಜ್ಜಿ. ಮೊದಲ ಪ್ರಶ್ನೆ, ಮದುವೆ ಆಗಿದೆಯಾ? ಎರಡನೇದು, ನಾನ್‌ವೆಜ್ ತಿಂತೀರಾ? ಅಲ್ಲಿಗೆ ಮುಗೀತು. ಗಣೇಶನ ಎತ್ತೋಕೆ ಹುಡುಗರು ಬೇಕು, ಮನೆ ಬಾಡಿಗೆಗೆ ಬೇಡ. ಇದು ಹೇಗೆ ಸರಿ ಹೋಗುತ್ತದೆ?

ಬಟವಾಡಿ_ಅಕ್ಕ

ತಮ್ಮಾ, ನಿನ್ನ ಕಷ್ಟ ಅರ್ಥ ಆಗುತ್ತದೆ. ಆದರೆ ನಮ್ಮ ಕಡೆಯದೂ ಕೇಳು. ನನಗೆ 64, ನಾನೊಬ್ಬಳೇ ಇರೋದು. ಯಜಮಾನರು ಹೋಗಿ ಐದು ವರ್ಷ. ಮೇಲೆ ಒಂದು ಸಲ ಮೂರು ಹುಡುಗರಿಗೆ ಕೊಟ್ಟಿದ್ದೆ. ರಾತ್ರಿ 2 ಗಂಟೆಗೆ ಗೇಟು ಢಣ್ ಅನ್ನುತ್ತಿತ್ತು. ಮೂರು ಜನ ಅಂತ ಬಂದವರು ಏಳು ಜನ ಆದರು. ಟ್ಯಾಂಕ್ ನೀರು ಮಧ್ಯಾಹ್ನಕ್ಕೇ ಖಾಲಿ. ಖಾಲಿ ಮಾಡಿ ಅಂದರೆ ಅಡ್ವಾನ್ಸ್ ವಿಷಯಕ್ಕೆ ಜಗಳ. ಒಂಟಿ ಹೆಂಗಸು ಯಾರನ್ನ ಕರೀಲಿ? ಅವತ್ತಿನಿಂದ ಬೇಡ ಅಂದುಕೊಂಡೆ.

ಹಿರೇಹಳ್ಳಿ_ಶಿಫ್ಟ್

ಅವರು ಮಾಡಿದ್ದು ತಪ್ಪು ಅಕ್ಕ. ಆದರೆ ಆ ಮೂರು ಜನರ ತಪ್ಪಿಗೆ ಬ್ಯಾಚುಲರ್ ಅನ್ನೋ ಜಾತಿಗೇ ಶಿಕ್ಷೆ ಕೊಟ್ಟರೆ ಹೇಗೆ? ನೀರು ಎಲ್ಲರಿಗೂ ಸಮಸ್ಯೆ. ಎಷ್ಟು ಜನ ಅಂತ ಅಗ್ರಿಮೆಂಟ್‌ನಲ್ಲಿ ಬರೆಸಿಕೊಳ್ಳಿ.

ಪಾವಗಡದವ

ನೀರಿನ ಮಾತು ಬಂತಲ್ಲ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಸರಿಯಾಗಿ ತುಂಬದೆ ಇದ್ದ ವರ್ಷ ನೋಡಿ, ಇಡೀ ತುಮಕೂರು ಟ್ಯಾಂಕರ್ ಹಿಂದೆ ಓಡುತ್ತದೆ. ಬಿಂದಿಗೆ ಹೊರೋಕೆ ಆಗದ ಹಿರಿಯರಿಗೆ ಅದು ಎಲ್ಲರಿಗಿಂತ ಜಾಸ್ತಿ ಕಷ್ಟ.

ರೈಲು_ಸೀಟು

ನಾನು ಬಿಟ್ಟು ಹೋದ ಮಕ್ಕಳ ಪೈಕಿ. ಎಲ್ಲರೂ "ಮಕ್ಕಳು ಹೋದರು" ಅಂತ ಬರೆಯುತ್ತಿದ್ದೀರಿ, ನಮ್ಮ ಕಡೆಯಿಂದ ಒಬ್ಬರಾದರೂ ಹೇಳಲಿ ಅಂತ ಬಂದೆ.

ಏಳು ವರ್ಷ ನಾನು ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ದಿನಾ ಓಡಾಡಿದೆ. ಬೆಳಗ್ಗೆ 5 ಮುಕ್ಕಾಲಿಗೆ ಮನೆ ಬಿಟ್ಟರೆ ರಾತ್ರಿ 9. ಬೋಗಿಯಲ್ಲೇ ತಿಂಡಿ, ಬೋಗಿಯಲ್ಲೇ ನಿದ್ದೆ. ನಮ್ಮ ಬೋಗಿಯವರದ್ದೇ ಒಂದು ಚೀಟಿ ಇತ್ತು, ಆಯುಧಪೂಜೆಗೆ ಬಾಳೆಕಂದು ಕಟ್ಟುತ್ತಿದ್ದೆವು. ಮಗ ಹುಟ್ಟಿದ ಮೇಲೆ ಅವನು ಎಚ್ಚರ ಇದ್ದಾಗ ನಾನು ನೋಡಿದ್ದು ಭಾನುವಾರ ಮಾತ್ರ. ಆಗ ನೆಲಮಂಗಲದಲ್ಲಿ ಮನೆ ಮಾಡಿದೆ. ಅಪ್ಪ ಅಮ್ಮನನ್ನು ಕರೆದೆ, ಬರಲಿಲ್ಲ. "ಇಲ್ಲಿ ಎಲ್ಲರೂ ಗುರುತಿನವರು, ಅಲ್ಲಿ ಬಂದು ಬಾಲ್ಕನಿಯಲ್ಲಿ ಕೂತುಕೊಳ್ಳಲಾ?" ಅಂದರು. ಹೋದ ವರ್ಷ ರಾತ್ರಿ ಹನ್ನೊಂದಕ್ಕೆ ಅಮ್ಮ ಬಾತ್‌ರೂಮಿನಲ್ಲಿ ಜಾರಿ ಬಿದ್ದರು. ನಾನು ಹೊರಟು ತಲುಪುವಷ್ಟರಲ್ಲಿ ಎದುರು ಮನೆಯ 70 ವರ್ಷದ ಅಂಕಲ್ ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿಯಾಗಿತ್ತು. ಆ ಅಂಕಲ್‌ಗೇ ಏನಾದರೂ ಆದರೆ ಯಾರು ಅನ್ನೋದು ನನ್ನ ತಲೆಯಲ್ಲಿ ಈಗಲೂ ಕೊರೆಯುತ್ತದೆ.

ನಾವು ಬೇಕು ಅಂತ ಬಿಟ್ಟು ಹೋದವರಲ್ಲ. ಕೆಲಸ ಇಲ್ಲಿದ್ದಿದ್ದರೆ ಇಲ್ಲೇ ಇರುತ್ತಿದ್ದೆವು.

ಗುಬ್ಬಿ_ಗೇಟ್

ಬೆಂಗಳೂರು ಮೆಟ್ರೋ ತುಮಕೂರು ರಸ್ತೆಯ ಮಾದಾವರದವರೆಗೆ ಬಂತಲ್ಲ, 2024ರ ನವೆಂಬರಿನಲ್ಲಿ. ತುಮಕೂರಿಗೂ ತರುತ್ತೇವೆ ಅನ್ನುತ್ತಿದ್ದಾರೆ. ಬಂದರೆ ನಿಮ್ಮಂಥವರು ವಾಪಸ್ ಬರುತ್ತೀರಾ?

ರೈಲು_ಸೀಟು

ಬರುತ್ತೇನೆ. ಅಪ್ಪ ಅಮ್ಮ ಇರುವಾಗಲೇ ಬರಬೇಕು ಅಂತ ಆಸೆ. ಆದರೆ ಮೆಟ್ರೋ ಮಾತು ಕೇಳಿದ ಮೇಲೆ ಸೈಟಿನ ರೇಟು ಕೇಳಿದ್ದೀರಾ? ಮನೆ ಇರುವವರು ಬರಬಹುದು. ಹೊಸದಾಗಿ ಮದುವೆಯಾದ ಹುಡುಗ-ಹುಡುಗಿ ಹೇಗೆ ಕೊಳ್ಳುತ್ತಾರೆ?

ಕಲ್ಲೂರು_ಕ್ರಾಸ್

ಇದೇ ಅಸಲು ವಿಷಯ. ಹಳೇ ಬಡಾವಣೆಗಳಲ್ಲಿ ಮನೆ ಮಾರಾಟಕ್ಕೆ ಬರೋದೇ ಇಲ್ಲ. ಅಪ್ಪ ಇದ್ದಾಗ ಮಾರಲ್ಲ, ಹೋದ ಮೇಲೆ ಮೂರು ಮಕ್ಕಳ ಹೆಸರಿಗೆ ಪೌತಿ ಖಾತೆ ಆಗಬೇಕು. ಒಬ್ಬರು ಹೈದರಾಬಾದ್, ಒಬ್ಬರು ಅಮೆರಿಕ, ಒಬ್ಬರಿಗೆ ಮನಸ್ಸಿಲ್ಲ. ಹತ್ತು ವರ್ಷ ಬೀಗ. ನಮ್ಮ ಬೀದಿಯಲ್ಲಿ ಒಂದು ಮನೆಯ ಅಂಗಳದಲ್ಲಿ ಸೀಬೆ ಮರ ಕಾಂಪೌಂಡ್ ದಾಟಿ ರಸ್ತೆಗೆ ಬಂದಿದೆ. ಹಣ್ಣು ಬೀಳುತ್ತದೆ, ಆರಿಸಿಕೊಳ್ಳೋಕೂ ಮಕ್ಕಳಿಲ್ಲ.

ಇನ್ನೊಂದು ಮಾತು, ಹಿರಿಯರು ದಯವಿಟ್ಟು ಗಮನಿಸಿ. ಮಕ್ಕಳ ಹೆಸರಿಗೆ ದಾನಪತ್ರ ಮಾಡುವಾಗ "ನಮ್ಮನ್ನು ನೋಡಿಕೊಳ್ಳಬೇಕು" ಅನ್ನೋ ಷರತ್ತು ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳದೆ ಹೋದರೆ ಆ ಪತ್ರ ರದ್ದು ಮಾಡಿಸಬಹುದು. ಅರ್ಜಿ ಎಸಿ (ಉಪವಿಭಾಗಾಧಿಕಾರಿ) ಸಾಹೇಬರ ಹತ್ತಿರ. 14567 ಹಿರಿಯರ ಸಹಾಯವಾಣಿ. ಫ್ರಿಜ್ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ.

ಬಟವಾಡಿ_ಅಕ್ಕ

14567 ಬರೆದುಕೊಂಡೆ. ಒಳ್ಳೇದಾಯಿತು ಹೇಳಿದ್ದು.

ಎಲ್ಲರೂ ಹಿರಿಯರು ಅಂದರೆ ಪಾಪ ಅಂತ ಮಾತಾಡಬೇಡಿ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ನಾವು ಐದು ಜನ ಗೆಳತಿಯರು ದೇವರಾಯನದುರ್ಗ, ಸಿದ್ಧಗಂಗೆ, ಗೊರವನಹಳ್ಳಿ ಎಲ್ಲ ಓಡಾಡುತ್ತೇವೆ. ಮೊಮ್ಮಕ್ಕಳಿಗೆ ಹಪ್ಪಳ ಮಾಡಿ ಕಳಿಸುತ್ತೇವೆ. ನಮ್ಮ ರಸ್ತೆ ಸತ್ತು ಹೋಗಿಲ್ಲ.

ಕೀಲಿ_ಗಡಿಯಾರ

ಸರಿಯಾಗಿ ಹೇಳಿದಿರಿ ತಾಯಿ.

ನಾನು ಇನ್ನೊಂದು ಮಾತು ಹೇಳಬೇಕು. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ವಸಂತನರಸಾಪುರ ದಿನಾ ಬೆಳೆಯುತ್ತಿದೆ. ಆ ಕಡೆ ಹೊಸ ಲೇಔಟ್‌ಗಳ ಬೋರ್ಡು ನೋಡಿದರೆ ನನಗೆ 1988 ಕಣ್ಣ ಮುಂದೆ ಬರುತ್ತದೆ. ಅದೇ 30-40. ಅದೇ 28-30 ವರ್ಷದ ಹುಡುಗರು, ಪಕ್ಕದಲ್ಲಿ ಬಸುರಿ ಹೆಂಡತಿ. ಒಂದೇ ಅಳತೆಯ ಸೈಟು, ಒಂದೇ ಥರದ ಸಾಲ, ಒಂದೇ ವಯಸ್ಸು. 2065ಕ್ಕೆ ಅವರೂ ನಮ್ಮ ಹಾಗೇ ವಾಕರ್ ಹಿಡಿದು ಪಾರ್ಕಿಗೆ ಬರುತ್ತಾರೆ. ಈಗಲೇ ಅಲ್ಲಿ ಸ್ವಲ್ಪ ಚಿಕ್ಕ ಮನೆ, ಸ್ವಲ್ಪ ಬಾಡಿಗೆ ಮನೆ, ಸ್ವಲ್ಪ ದೊಡ್ಡ ಮನೆ ಬೆರೆಸಿ ಕಟ್ಟಿದರೆ ಪ್ರತಿ ಹತ್ತು ವರ್ಷಕ್ಕೆ ಹೊಸಬರು ಬರುತ್ತಾ ಇರುತ್ತಾರೆ. ನಮಗೆ ಆಗ ಯಾರೂ ಹೇಳಲಿಲ್ಲ. ಹೇಳಿದ್ದರೂ 31 ವರ್ಷಕ್ಕೆ ನಾವು ಕೇಳುತ್ತಿದ್ದೆವೋ ಇಲ್ಲವೋ.

ಪಾರ್ಕ್ ವಿಷಯಕ್ಕೆ ನನ್ನ ಅಭಿಪ್ರಾಯ. ಟ್ರ್ಯಾಕ್ ಬೇಕು. ಕಲ್ಲು ಎದ್ದ ದಾರಿಯಲ್ಲಿ ನಾನೇ ಒಂದು ಸಲ ಬಿದ್ದಿದ್ದೇನೆ. ಆದರೆ ಟ್ರ್ಯಾಕ್ ಅಂಚಿನಲ್ಲಿ ಸುತ್ತ ಹೋಗಲಿ, ಜೋಕಾಲಿ ನಡುವೆ ಇರಲಿ. ನಡೆಯುವಾಗ ನೋಡೋಕೆ ಏನಾದರೂ ಬೇಕಲ್ಲ.

ಮೆಡಿಕಲ್_ಅಂಗಡಿ

ಟ್ರ್ಯಾಕ್‌ಗೆ ನುಣ್ಣಗಿನ ಟೈಲ್ಸ್ ಹಾಕಿಸಬೇಡಿ. ಮಳೆ ಬಂದರೆ ಜಾರುತ್ತದೆ. ನನ್ನ ಅಂಗಡಿಗೆ ಬ್ಯಾಂಡೇಜ್‌ಗೆ ಬರುವವರಲ್ಲಿ ಅರ್ಧ ಜನ ಹಾಗೆ ಬಿದ್ದವರೇ. ಒಂದು ಕಡೆ ಹಿಡಿದುಕೊಳ್ಳೋಕೆ ಕಂಬಿ ಇರಲಿ, ಬೆಂಚಿಗೆ ಒರಗು ಇರಲಿ.

ಪಾರ್ಕ್_ಪಕ್ಕದ_ಮನೆ

ಮೀಟಿಂಗ್ ಮುಗಿಸಿ ಬಂದೆ. ಎಲ್ಲರೂ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

34 ಜನ ಬಂದಿದ್ದರು. ನಾನು ಕೀಲಿ ಗಡಿಯಾರ ಸರ್ ಬರೆದದ್ದನ್ನು ಫೋನಿನಲ್ಲೇ ಓದಿದೆ, ಹೆಸರು ಹೇಳದೆ. ಒಂದನೇ ಕ್ಲಾಸಿನ ಮಾತು ಬಂದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಜಗಳ ಶುರುವಾಯಿತು. "ಬರದೇ ಇರೋ ಮಕ್ಕಳಿಗೆ ಜಾಗ ಇಟ್ಟುಕೊಂಡು ಇರೋ ನಾವು ರಸ್ತೆಯಲ್ಲಿ ಬೈಕಿಗೆ ಸಿಕ್ಕಿ ಸಾಯಬೇಕಾ?" ಅಂತ ಒಬ್ಬರು ಜೋರು ಮಾಡಿದರು. ಅವರು ಹೋದ ತಿಂಗಳು ವಾಕಿಂಗ್ ಹೋಗುವಾಗ ಬೈಕ್ ತಗುಲಿ ಕೈಗೆ ಪಟ್ಟಿ ಹಾಕಿಸಿಕೊಂಡವರು. ನನಗೆ ಎದುರಾಡೋಕೆ ಆಗಲಿಲ್ಲ.

ಅಂಚಿನಲ್ಲಿ ಟ್ರ್ಯಾಕ್, ಜಾರುವ ಟೈಲ್ಸ್ ಬೇಡ ಅನ್ನೋದಕ್ಕೆ ಎಲ್ಲರೂ ಒಪ್ಪಿದರು. ಜಾರುಬಂಡೆ ತುಕ್ಕು ಹಿಡಿದು ತೂತಾಗಿದೆ, ಅದನ್ನು ತೆಗೆಯುತ್ತಾರೆ. ಜೋಕಾಲಿ ಒಂದು ವರ್ಷ ಇರಲಿ, ಆಮೇಲೆ ನೋಡೋಣ ಅಂದಿದ್ದಾರೆ. ಬಾಡಿಗೆ ವಿಷಯ ಎತ್ತಿದೆ. ಬ್ಯಾಚುಲರ್ಸ್ ಅಂದಕೂಡಲೇ ಅರ್ಧ ಜನ ಎದ್ದರು. ಅದು ಇನ್ನೊಂದು ಮೀಟಿಂಗ್.

ಒಬ್ಬರು ಅಜ್ಜಿ, 81 ವರ್ಷ, ಕೊನೆಗೆ ಬಂದು ನನ್ನ ಕಿವಿಯಲ್ಲಿ ಕೇಳಿದರು. "ಜೋಕಾಲಿ ಸರಿ ಮಾಡಿಸಿದರೆ ನಾನೂ ಒಂದು ಸಲ ಕೂತುಕೊಳ್ಳಬಹುದಾ?"

ಬಟವಾಡಿ_ಅಕ್ಕ

ಯಾಕೆ ಕೂತುಕೊಳ್ಳಬಾರದು! ಪಂಚಮಿ ಹಬ್ಬಕ್ಕೆ ನಾವೆಲ್ಲ ಆಡಿದವರೇ.

@ಹಿರೇಹಳ್ಳಿ_ಶಿಫ್ಟ್, ನಿಮ್ಮ ಕಡೆ ಹೊಸದಾಗಿ ಮದುವೆಯಾದವರು ಯಾರಾದರೂ ಇದ್ದರೆ ಹೇಳು ತಮ್ಮಾ. ನಮ್ಮ ಮೇಲಿನ ಮನೆ ನೋಡಲಿ. ಮಾಂಸ ತಿಂದರೂ ನನ್ನ ಅಭ್ಯಂತರ ಇಲ್ಲ.

ಹಿರೇಹಳ್ಳಿ_ಶಿಫ್ಟ್

ಒಬ್ಬ ಇದ್ದಾನೆ ಅಕ್ಕ, ಹೆಂಡತಿ ಊರಲ್ಲಿದ್ದಾಳೆ, ಮನೆ ಸಿಗದೆ ಕರೆತಂದಿಲ್ಲ. ಹೇಳುತ್ತೇನೆ. ಆದರೆ ನಾನು ಕೇಳಿದ್ದು ಮದುವೆಯಾಗದವರ ಬಗ್ಗೆ. ಆ ಮಾತು ಹಾಗೇ ಉಳಿಯಿತು.

ಬಟವಾಡಿ_ಅಕ್ಕ

ಉಳಿಯಲಿ ತಮ್ಮಾ. ಯೋಚನೆ ಮಾಡುತ್ತೇನೆ. ಇವತ್ತೇ ಹೂಂ ಅನ್ನೋಕೆ ನನಗೆ ಧೈರ್ಯ ಇಲ್ಲ.

ಪಾರ್ಕ್_ಪಕ್ಕದ_ಮನೆ

ಜೋಕಾಲಿಗೆ ಹೊಸ ಸರಪಳಿ ಹಾಕಿಸಬೇಕು. ದೊಡ್ಡವರು ಕೂತರೂ ತಡೆಯೋ ಥರದ್ದು. ಕ್ಯಾತ್ಸಂದ್ರ, ಬಟವಾಡಿ ಕಡೆ ಜಾಗಕ್ಕೇ ಬಂದು ವೆಲ್ಡಿಂಗ್ ಮಾಡಿಕೊಡುವವರು ಯಾರಾದರೂ ಗೊತ್ತಾ?

ಗುಬ್ಬಿ_ಗೇಟ್

ನಮ್ಮ ತಮ್ಮನದೇ ಅಂಗಡಿ. ಸರಪಳಿ ಎಷ್ಟು ಅಡಿ ಅಂತ ಅಳತೆ ಹೇಳಿ, ಗುರುವಾರ ಕಳಿಸುತ್ತೇನೆ.